ಬಿಳಿ ಇನ್ನೂರ ನಲವತ್ತು

ಬೈಕಂಪಾಡಿಯ ಗೇರುಬೀಜದ ಕಾರ್ಖಾನೆಯಲ್ಲಿ
ಇಪ್ಪತ್ತೇಳು ವರ್ಷ ಬೀಜ ಹೆಕ್ಕಿದವಳು ನಾನು.
ಪೌಂಡಿಗೆ ನೂರೆಂಬತ್ತು ನಿಂತರೆ ಅದು ರಾಜ,
ಇನ್ನೂರ ನಲವತ್ತು ಮದುವೆ ಮನೆಗೆ,
ಮುನ್ನೂರ ಇಪ್ಪತ್ತು ಎಲ್ಲರಿಗೆ,
ತುಂಡು ಪಾಯಸಕ್ಕೆ, ಪುಡಿ ಯಾರಿಗೋ.
ತಕ್ಕಡಿ ಬೇಡ. ಅಂಗೈಗೆ ಬಿದ್ದ ಕೂಡಲೇ
ಬೆರಳು ಹೇಳುತ್ತದೆ; ಬಾಯಿ ಆಗ
ಸೆವ್ರಿನ್ ಬಾಯಿಯ ಸೊಸೆಯ ಸುದ್ದಿಯಲ್ಲಿರುತ್ತದೆ.

ಮಾರ್ಚಿನಲ್ಲಿ ಅದು ಬಂತು.
ಎರಡು ಕೋಣ ನಿಂತಷ್ಟು ಉದ್ದ, ನೀಲಿ ಬಣ್ಣ,
ಹೊಟ್ಟೆಯೊಳಗೆ ಆರು ಕ್ಯಾಮರಾ.
ಜೊತೆಗೆ ಉಳ್ಳಾಲದ ನೌಫಲ್, ಗಡ್ಡ ಇನ್ನೂ ಸರಿಯಾಗಿ ಬಂದಿಲ್ಲ.
"ಕಲ್ಯಾಣಕ್ಕ, ಇದಕ್ಕೆ ಎಂತದೂ ಗೊತ್ತಿಲ್ಲ. ನೀವೇ ಕಲಿಸಬೇಕು."

ಕಲಿಸಿದೆ.
ಪರದೆಯಲ್ಲಿ ಒಂದೊಂದೇ ಬೀಜದ ಚಿತ್ರ,
ನಾನು ಗುಂಡಿ ಒತ್ತುವುದು: ಬಿಳಿ. ಸುಟ್ಟದ್ದು. ಚುಕ್ಕೆ. ಸುರುಟಿದ್ದು.
ನಲವತ್ತು ಸಾವಿರ ಬೀಜ, ಎರಡು ತಿಂಗಳು.
ಅಕ್ಕನ ಮಗಳಿಗೆ ಕಲಿಸುವಾಗ
ಮೂರನೆಯ ದಿನ ಅವಳು ಅತ್ತಿದ್ದಳು.
ಇದು ಅಳಲಿಲ್ಲ. ಹಸಿವೆ ಎನ್ನಲಿಲ್ಲ.
ಒಮ್ಮೆ ತೂಕಡಿಸಿ ಸುಟ್ಟದ್ದನ್ನು ಬಿಳಿ ಎಂದೆ.
ಅದನ್ನೂ ಶ್ರದ್ಧೆಯಿಂದ ಕಲಿತುಕೊಂಡಿತು.

ರಾತ್ರಿ ಟಿವಿಯಲ್ಲಿ ಕೋಟು ಹಾಕಿದವನೊಬ್ಬ ಹೇಳುತ್ತಿದ್ದ,
ಯಂತ್ರ ಮನುಷ್ಯನ ಬುದ್ಧಿಯನ್ನು ದಾಟುವ ದಿನ ದೂರವಿಲ್ಲ ಎಂದು.
"ಕೇಳಿದೆಯಾ, ನಿನ್ನ ಶಿಷ್ಯ ನಮ್ಮನ್ನೆಲ್ಲ ಆಳುತ್ತಾನಂತೆ" ಎಂದರು ಇವರು.
ಬಂಗುಡೆಯ ಮುಳ್ಳು ಬಿಡಿಸುತ್ತಾ ನಾನೆಂದೆ,
"ಆಳುವುದಕ್ಕೆ ಇಷ್ಟು ದಿನ ಬುದ್ಧಿ ಬೇಕಾಗಿತ್ತಾ?"

ಮಳೆ ಹಿಡಿದ ವಾರ ನಮಗೆ ಜಗಳ.
ಒಂದೇ ಒಂದು ಬೀಜ, ಮಗುವಿನ ಹಾಲುಹಲ್ಲಿನ ಹಾಗೆ.
ನಾನು: ಬಿಳಿ ಇನ್ನೂರ ನಲವತ್ತು.
ಅದು: ಬಿಸಾಡು.
ಬೆಳಕಿಗೆ ಹಿಡಿದೆ. ಕನ್ನಡಕ ಒರೆಸಿದೆ. ಮೂಸಿದೆ.
"ಜೆಜು, ಎಂತ ಚಂದ ಉಂಟು" ಎಂದಳು ಸೆವ್ರಿನ್ ಬಾಯಿ.
ಬುಡದಲ್ಲಿ ಸೂಜಿಮೊನೆಯಷ್ಟು ನೆರಳು ಕಂಡಿದೆಯಂತೆ ಅದಕ್ಕೆ.
ಉಗುರು ಹಾಕಿ ಬೇಳೆ ಬಿಡಿಸಿದೆ.
ಒಳಗೆ ನೂಲಿನಷ್ಟು ಸಪೂರ ಹುಳ
ಮಲಗಿತ್ತು, ತನ್ನ ಮನೆಯೆಂಬಂತೆ.

ಯಾರೂ ನಗಲಿಲ್ಲ.
ಮೊದಲು ಕೆನ್ನೆ ಬಿಸಿಯಾಯಿತು.
ಆಮೇಲೆ, ಹೇಳಲು ನಾಚಿಕೆ, ಸ್ವಲ್ಪ ಹೆಮ್ಮೆ;
ಅಕ್ಕನ ಮಗಳು ನನಗಿಂತ ತೆಳ್ಳಗೆ
ನೀರುದೋಸೆ ಎರೆದ ಬೆಳಿಗ್ಗೆಯಂತೆ.
ಹೆದರಿಕೆ ಕೊನೆಗೆ ಬಂತು. ಬಂದದ್ದು ಕೂತಿತು.

ಪರದೆಯ ಮೂಲೆಯಲ್ಲಿ ಒಂದು ಅಂಕಿ: ಅರುವತ್ತೊಂದು.
"ಅದೆಂತದು?"
"ಅದಕ್ಕೆಷ್ಟು ಖಾತ್ರಿ ಎಂದು, ಅಕ್ಕ. ನೂರರಲ್ಲಿ ಅರುವತ್ತೊಂದು."
ಅನುಮಾನ ಇಟ್ಟುಕೊಂಡೇ ಸರಿ ಹೇಳಿತ್ತು ಅದು.
ನಾನು ನೂರಕ್ಕೆ ನೂರು ಖಾತ್ರಿಯಲ್ಲಿ ತಪ್ಪಿದ್ದೆ.

ಶುಕ್ರವಾರ ಮ್ಯಾನೇಜರು ಬಂದು ನಿಂತರು.
ನಲವತ್ತು ಹೆಂಗಸರಲ್ಲಿ ಇನ್ನು ಆರು ಸಾಕು ಎಂದರು.
ಕೊಡೆಯಿಂದ ನೀರು ತೊಟ್ಟಿಕ್ಕುತ್ತಿತ್ತು.
ಅವರ ಹಣೆಯ ಮೂಲೆ ನೋಡಿದೆ.
ಅಲ್ಲಿ ಅಂಕಿ ಇರಲಿಲ್ಲ.

ಸುರತ್ಕಲ್ ಬಸ್ಸಿನಲ್ಲಿ ಕಂಬ ಹಿಡಿದು ಯೋಚಿಸಿದೆ,
ನನಗಿಂತ ಬುದ್ಧಿವಂತರಿಗೆ ನಾನು ಯಾವಾಗ ಹೆದರಿದ್ದೆ?
ಶಾಲೆಯ ಟೀಚರಿಗೆ ಇಲ್ಲ, ಡಾಕ್ಟರಿಗೆ ಇಲ್ಲ.
ಹೆದರಿದ್ದು, ಯಾಕೆ ಎಂದು ಕೇಳಿದರೆ
ಗಡಿಯಾರ ನೋಡುವವರಿಗೆ.
ನಾಳೆ ಈ ನೀಲಿ ಡಬ್ಬಿಯೂ ಹಾಗೆ ಕಲಿತರೆ?
ಯಾರಿಂದ ಕಲಿಯುತ್ತದೋ ಅವರಂತೆಯೇ ಅಲ್ಲವೇ?
ನಾನು ತೂಕಡಿಸಿದ್ದನ್ನೂ ಬಿಡದ ಪ್ರಾಣಿ ಅದು.

ಉಳಿದ ಆರರಲ್ಲಿ ನಾನೊಬ್ಬಳು.
ಸೆವ್ರಿನ್ ಬಾಯಿ ಕೂರುತ್ತಿದ್ದ ಹಲಗೆಯಲ್ಲಿ
ಅವಳ ಹಳೆ ಗೋಣಿ ಮಡಚಿಯೇ ಉಂಟು.
ಖಾತ್ರಿಯಿಲ್ಲದ ಬೀಜಗಳು ಪಟ್ಟಿಯ ಮೇಲೆ
ನನ್ನ ಕಡೆ ಹೊರಳುತ್ತವೆ.
ಮೊದಲ ವಾರ ದಿನಕ್ಕೆ ಮುನ್ನೂರು. ನಿನ್ನೆ ಹದಿನೇಳು.
ಇವತ್ತು ಬೆಳಗಿನಿಂದ ನಾಲ್ಕು.
ಮಧ್ಯದಲ್ಲಿ ಸುಮ್ಮನೆ ಕೂತು ಅದರ ಗುಂಯ್ ಕೇಳುತ್ತೇನೆ.

ಐದನೆಯದು ಬರುತ್ತಾ ಉಂಟು.
ಕನ್ನಡಕ ಒರೆಸಿಕೊಳ್ಳುತ್ತೇನೆ.